ಎಂಟನೇ ‘ಬಿ’ ಡಬ್ಬಿಗೆ ಬಿದ್ದ ಐವತ್ತು ರೂಪಾಯಿ

2024ರ ಮಾರ್ಚ್ 6, ಬುಧವಾರ. ಎರಡನೇ ಪಿರಿಯಡ್ ಮುಗಿಸಿ ಬಂದರೆ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಒಬ್ಬರು ಹೆಂಗಸು ನಿಂತಿದ್ದರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದರು. ಎಂಟನೇ ‘ಬಿ’ ಹುಡುಗನೊಬ್ಬನ ತಾಯಿ. ಒಳಗೆ ಬನ್ನಿ, ಕೂತ್ಕೊಳಿ ಅಂದರೂ ಕೂರಲಿಲ್ಲ.

‘ಮೇಡಂ, ನಮ್ಮ ಹುಡುಗಂದು ಸ್ಕೂಲಿಗೆ ಏನಾದ್ರೂ ಬಾಕಿ ಇತ್ತಾ?’

ಏನೂ ಇಲ್ವಲ್ಲ ಅಂದೆ.

‘ಹಂಗಾದ್ರೆ ಐವತ್ತು ರೂಪಾಯಿ ಯಾತಕ್ಕೆ ತಂದು ಕೊಟ್ಟ?’

ಜಗಳ ಮಾಡೋಕೆ ಬಂದವರ ದನಿ ಅದಲ್ಲ. ಲೆಕ್ಕ ತಾಳೆಯಾಗದೆ ಕೇಳೋಕೆ ಬಂದವರ ದನಿ. ನನಗೆ ಉತ್ತರ ಗೊತ್ತಿತ್ತು. ಆ ಐವತ್ತು ‘8 ಬಿ’ ದಾನದ ಡಬ್ಬಿಗೆ ಬಿದ್ದಾಗ ಶಭಾಷ್ ಅಂದವಳು ನಾನೇ.

ನಾನು ಈ ಶಾಲೆಯಲ್ಲಿ ಕನ್ನಡ ಟೀಚರ್. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಊರು. ಸಿಸ್ಟರ್‌ಗಳು ನಡೆಸುವ ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲು. ಶಾಲೆ ಕಥೊಲಿಕರದ್ದಾದರೂ ಕಥೊಲಿಕ ಮಕ್ಕಳು ಒಂದು ಕ್ಲಾಸಿಗೆ ನಾಲ್ಕೈದು ಜನ ಅಷ್ಟೇ. ಉಳಿದವರು ಹಿಂದೂಗಳು, ಒಂದಷ್ಟು ಮುಸ್ಲಿಮರು. ನಾನೂ ಕ್ರೈಸ್ತಳಲ್ಲ. ಆದರೆ ಇಷ್ಟು ವರ್ಷ ಇಲ್ಲೇ ಇದ್ದು ವಿಭೂತಿ ಬುಧವಾರ, ಗರಿಗಳ ಭಾನುವಾರ, ಪಾಸ್ಖ ಹಬ್ಬ (ಈಸ್ಟರ್) ಎಲ್ಲ ನಮ್ಮನೆ ಕ್ಯಾಲೆಂಡರಿಗೂ ಬಂದಿವೆ. ವಿಭೂತಿ ಬುಧವಾರದಿಂದ ಪಾಸ್ಖದವರೆಗಿನ ವ್ರತದ ದಿನಗಳಿಗೆ ತಪಸ್ಸುಕಾಲ ಅಂತಾರೆ. ಆ ಕಾಲದ ದಾನದ ಲೆಕ್ಕ ಬರೆಯೋ ಕೆಲಸವೂ ನನ್ನ ತಲೆಗೇ ಬಂದಿತ್ತು. ಅಕ್ಷರ ದುಂಡಗಿದೆ ಅನ್ನೋದು ಕಾರಣ.

ಈ ಪ್ರಕರಣವನ್ನು ಬರೆದಿಡ್ತಿರೋದು ಬೇರೆ ಶಾಲೆಗಳಲ್ಲೂ ಇದೇ ಡಬ್ಬಿ, ಇದೇ ಬೋರ್ಡು ನೋಡಿದ್ದೇನೆ ಅಂತ. ಅಲ್ಲೂ ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ನಮಗೂ ಇರಲಿಲ್ಲ.

ಶುರುವಾಗಿದ್ದು ಹೀಗೆ

ಆ ವರ್ಷ ವಿಭೂತಿ ಬುಧವಾರ ಫೆಬ್ರವರಿ 14ಕ್ಕೆ ಬಿತ್ತು. ವ್ಯಾಲೆಂಟೈನ್ ದಿನ. ಹತ್ತನೇ ಕ್ಲಾಸಿನವರು ಹಣೆ ಮೇಲೆ ಬೂದಿ ಹಚ್ಚಿಸಿಕೊಂಡು ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಗ್ತಿದ್ದರು. ಹಿಂದಿನ ವರ್ಷದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ನಮ್ಮ ಕಡೆ ಗರಿ ಅಂದರೆ ತೆಂಗಿನ ಸುಳಿಗರಿ. ‘ನೀನು ಮಣ್ಣು, ಮಣ್ಣಿಗೇ ಮರಳುವೆ’ ಅಂತ ನೆನಪಿಸಿ ಫಾದರ್ ಹಣೆಗೆ ಶಿಲುಬೆ ಎಳೀತಾರೆ. ಹದಿಮೂರು ವರ್ಷದ ಮಗುವಿಗೆ ಆ ಮಾತು ಎಷ್ಟು ತಾಗುತ್ತೋ ಗೊತ್ತಿಲ್ಲ. ನನಗಂತೂ ಪ್ರತಿ ವರ್ಷ ತಾಗುತ್ತೆ.

ಚರ್ಚಿಗೆ ಹೋಗೋದು ಕಥೊಲಿಕ ಮಕ್ಕಳು ಮಾತ್ರ. ಆ ಹೊತ್ತಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣದ ಕ್ಲಾಸು. ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆಗೂ ಇದೇ ಪದ್ಧತಿ. ಸಂವಿಧಾನದ 28ನೇ ವಿಧಿ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆ, ಧರ್ಮಪಾಠಗಳಿಗೆ ಕೂರಿಸಬಾರದು ಅನ್ನುತ್ತೆ. ಈ ವಿಷಯದಲ್ಲಿ ನಮ್ಮ ಸಿಸ್ಟರ್ ಬಹಳ ಖಡಕ್. ಹಾಗಾಗಿ ಪ್ರಾರ್ಥನೆ ಬಗ್ಗೆ ನಮಗೆ ಯಾವತ್ತೂ ತೊಂದರೆ ಬಂದಿಲ್ಲ. ತೊಂದರೆ ಬಂದಿದ್ದು ದಾನದಲ್ಲಿ. ದಾನ ಎಲ್ಲ ಧರ್ಮಕ್ಕೂ ಸೇರಿದ್ದಲ್ವಾ, ಅದಕ್ಕೆ ಯಾರ ಒಪ್ಪಿಗೆ ಬೇಕು ಅಂತ ಎಲ್ಲ ಮಕ್ಕಳನ್ನೂ ಸೇರಿಸಿಕೊಂಡುಬಿಟ್ಟೆವು.

ಆ ದಿನ ಚರ್ಚಿಗೆ ಮಕ್ಕಳನ್ನು ಸಾಲಲ್ಲಿ ಕರೆದೊಯ್ಯೋ ಡ್ಯೂಟಿ ನನ್ನದು. ಹಿಂದಿನ ಬೆಂಚಲ್ಲಿ ಕೂತು ಶುಭಸಂದೇಶ (ಬೈಬಲ್ಲಿನ ಯೇಸುಚರಿತೆ) ಕೇಳಿದೆ. ವಿಭೂತಿ ಬುಧವಾರಕ್ಕೆ ಪ್ರತಿ ವರ್ಷ ಓದೋದು ಒಂದೇ ಭಾಗ, ಮತ್ತಾಯನ ಆರನೇ ಅಧ್ಯಾಯ. ದಾನ ಮಾಡುವಾಗ ತುತ್ತೂರಿ ಊದಿಸಬೇಡ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಿರಲಿ, ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡ ಅಂತ ಯೇಸುಸ್ವಾಮಿ ಹೇಳುವ ಭಾಗ.

ಅದನ್ನು ಕೇಳಿ ಬಂದ ಮಧ್ಯಾಹ್ನವೇ ಕ್ಲಾಸಿಗೊಂದು ಡಬ್ಬಿ ಹಂಚಿದೆವು. ಚಪ್ಪಲಿ ಅಂಗಡಿಯಿಂದ ತಂದ ರಟ್ಟಿನ ಡಬ್ಬಿ. ಮೇಲೆ ನೇರಳೆ ಕಾಗದ, ತಪಸ್ಸುಕಾಲದ ಬಣ್ಣ ಅದು. ಡಬ್ಬಿ ಜೊತೆ ಒಂದು ನೋಟ್‌ಬುಕ್. ಯಾರು ಎಷ್ಟು ಹಾಕಿದರು ಅಂತ ಕ್ಲಾಸ್ ಲೀಡರ್ ಬರೀಬೇಕು. ಶುಕ್ರವಾರ ನಾನು ಎಣಿಸಿ ಒಟ್ಟು ಮೊತ್ತವನ್ನು ನೋಟಿಸ್ ಬೋರ್ಡಿಗೆ ಹಾಕಬೇಕು. ಜಾಸ್ತಿ ಕೂಡಿಸಿದ ಕ್ಲಾಸಿಗೆ ಶೀಲ್ಡ್. ಬೋರ್ಡನ್ನು ನಾನು ಬಣ್ಣದ ಚಾಕ್‌ಪೀಸಲ್ಲಿ ಬರೀತಿದ್ದೆ. ಮೊದಲ ಸ್ಥಾನಕ್ಕೆ ಒಂದು ನಕ್ಷತ್ರ ಬೇರೆ. ಬೆಳಿಗ್ಗೆ ಕೇಳಿದ ತುತ್ತೂರಿಗೂ ಈ ನಕ್ಷತ್ರಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ದುಡ್ಡು ಹೋಗುವ ಜಾಗ ಎರಡು. ಅರ್ಧ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರದೇಶ) ಮೂಲಕ ಕಾರಿತಾಸ್ ಇಂಡಿಯಾಗೆ. ಇದು 1962ರಲ್ಲಿ ಶುರುವಾದ, ಕಥೊಲಿಕ ಧರ್ಮಸಭೆಯ ಸಮಾಜಸೇವಾ ಸಂಸ್ಥೆ. ಪ್ರತಿ ತಪಸ್ಸುಕಾಲದಲ್ಲಿ ದೇಶದ ಚರ್ಚುಗಳಲ್ಲೆಲ್ಲ ಇದರ ನಿಧಿ ಸಂಗ್ರಹ ನಡೆಯುತ್ತೆ. ಇನ್ನರ್ಧ ಹತ್ತಿರದ ವೃದ್ಧಾಶ್ರಮಕ್ಕೆ, ಜೊತೆಗೆ ಪಾಸ್ಖ ಹಬ್ಬಕ್ಕೆ ಇಪ್ಪತ್ತು ಬಡ ಮನೆಗಳಿಗೆ ಕೊಡೋ ದಿನಸಿ ಕಿಟ್‌ಗೆ. ಆ ಇಪ್ಪತ್ತು ಮನೆ ನಮ್ಮ ಮಕ್ಕಳದ್ದೇ. ಜಾತಿ, ಧರ್ಮ ನೋಡೋದಿಲ್ಲ. ಪಟ್ಟಿ ಮಾಡೋದೂ ನಾನೇ.

ಆ ಹುಡುಗ

ತಂದೆ ಇಲ್ಲ. ತಾಯಿ ಕಾಫಿ ತೋಟಕ್ಕೆ ಕೂಲಿಗೆ ಹೋಗ್ತಾರೆ. ರೊಬಸ್ಟಾ ಕೊಯ್ಲು ಮುಗೀತಾ ಬಂದರೆ ಕೂಲಿ ವಾರಕ್ಕೆ ಮೂರು ದಿನ ಸಿಕ್ಕರೆ ಪುಣ್ಯ. ಅದೂ ಆ ವರ್ಷ ಬರಗಾಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಮಲೆನಾಡಿನ ಅಂಚಿನ ನಮ್ಮೂರಲ್ಲೂ ಬಾವಿ ತಳ ಕಾಣ್ತಿತ್ತು.

ಎರಡು ಶುಕ್ರವಾರ ಕಳೆದ ಮೇಲೆ ‘8 ಬಿ’ ಕೊನೆಯ ಸ್ಥಾನದಲ್ಲಿತ್ತು. ಕ್ಲಾಸ್ ಲೀಡರ್ ಹುಡುಗಿ ಚುರುಕು. ನೋಟ್‌ಬುಕ್ಕಿನಲ್ಲಿ ಏನೂ ಹಾಕದವರ ಹೆಸರಿನ ಮುಂದೆ ಸೊನ್ನೆ ಬರೆದಿದ್ದಳು. ಮೂರು ಸೊನ್ನೆ. ಅದರಲ್ಲೊಂದು ಈ ಹುಡುಗನದು. ಅದನ್ನು ಓದಿ ಹೇಳಿದ್ದಳಂತೆ ಕೂಡ. ಅವಳ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಲೆಕ್ಕ ಇಡು ಅಂದಿದ್ದು ನಾವು.

ಅದೇ ವಾರ ಅಸೆಂಬ್ಲಿಯಲ್ಲಿ ಒಂದು ಪುಟ್ಟ ನಾಟಕ. ದೇವಾಲಯದ ಹುಂಡಿಗೆ ಶ್ರೀಮಂತರು ರಾಶಿ ರಾಶಿ ಹಾಕ್ತಾರೆ, ಒಬ್ಬ ಬಡ ವಿಧವೆ ಎರಡೇ ಎರಡು ಚಿಲ್ಲರೆ ಕಾಸು ಹಾಕ್ತಾಳೆ. ಎಲ್ಲರಿಗಿಂತ ಜಾಸ್ತಿ ಕೊಟ್ಟವಳು ಇವಳೇ, ಬದುಕೋಕೆ ಇದ್ದದ್ದನ್ನೇ ಕೊಟ್ಟಳು ಅಂತ ಯೇಸುಸ್ವಾಮಿ ಹೇಳ್ತಾರೆ. ಚೆನ್ನಾಗಿ ಮಾಡಿದರು, ಚಪ್ಪಾಳೆ ಬಿತ್ತು. ಮಾರ್ಚ್ 4, ಸೋಮವಾರ ಈ ಹುಡುಗ ನಾಲ್ಕು ಮಡಿಕೆ ಮಾಡಿದ ಐವತ್ತರ ನೋಟು ತಂದ. ಲೀಡರ್ ನನ್ನ ಹತ್ತಿರ ಓಡಿ ಬಂದು ಹೇಳಿದಳು. ನಾನು ಕ್ಲಾಸಿನಲ್ಲೇ ‘ನೋಡಿ, ಶಭಾಷ್’ ಅಂದೆ. ಅವನು ತಲೆ ತಗ್ಗಿಸಿ ನಕ್ಕ. ಆ ನಗು ನನಗೆ ಇನ್ನೂ ನೆನಪಿದೆ. ನೆನಪಾದಾಗ ಒಂಥರಾ ಆಗುತ್ತೆ.

ಆ ಐವತ್ತು ತಾಯಿ ಸಂಘದ ಕಂತಿಗೆ ತೆಗೆದಿಟ್ಟಿದ್ದು. ಡಬ್ಬದಲ್ಲಿ, ಬೇಳೆ ಕೆಳಗೆ. ಮಂಗಳವಾರ ಸಂಜೆ ಸಂಘದ ಮೀಟಿಂಗು. ಎಲ್ಲರ ಮುಂದೆ ಎಣಿಸಿದರೆ ಐವತ್ತು ಕಡಿಮೆ. ಗುಂಪಿನ ಸಾಲ ಗೊತ್ತಲ್ಲ, ಒಬ್ಬರ ಕಂತು ಕಡಿಮೆಯಾದರೆ ಉಳಿದವರು ತುಂಬಬೇಕು, ಅಲ್ಲಿವರೆಗೆ ಯಾರೂ ಏಳೋ ಹಾಗಿಲ್ಲ. ಪಕ್ಕದ ಮನೆಯವರು ಕೊಟ್ಟು ಎಬ್ಬಿಸಿದರು. ರಾತ್ರಿ ಹುಡುಗನಿಗೆ ಒಂದೇಟು ಬಿತ್ತು. ಬಾಯಿ ಬಿಟ್ಟ. ಸ್ಕೂಲಿಗೆ ಕೊಟ್ಟೆ ಅಂದ. ಯಾಕೆ ಅಂದರೆ ಹೇಳಲಿಲ್ಲ.

ಇಷ್ಟನ್ನು ತಾಯಿ ನಿಂತೇ ಹೇಳಿದರು. ನಾನು ಡಬ್ಬಿ ವಿಷಯ ಬಿಡಿಸಿ ಹೇಳಿದೆ. ‘ಓ, ಬಡವರಿಗಾ’ ಅಂದರು. ಬೀರುವಿನಿಂದ ಐವತ್ತು ತೆಗೆದು ಕೊಡೋಕೆ ಹೋದೆ. ಕೈ ಹಿಂದೆ ಕಟ್ಟಿಕೊಂಡರು.

‘ಬಡವರಿಗೆ ಅಂತ ಕೊಟ್ಟಿದ್ದನ್ನ ವಾಪಸ್ ಇಸ್ಕೊಂಡ್ರೆ ಒಳ್ಳೇದಾಗಲ್ಲ ಮೇಡಂ. ಇರ್ಲಿ. ಕೇಳಿ ತರೋಕೆ ಹೇಳಿ ಅಷ್ಟೇ.’

ಅವರು ಹೋದ ಮೇಲೆ ಡ್ರಾಯರ್ ಎಳೆದು ಕಿಟ್ ಪಟ್ಟಿ ತೆಗೆದೆ. ಹನ್ನೊಂದನೇ ಹೆಸರು ಅವರದೇ.

ಎಲ್ಲಿ ತಪ್ಪಿತು

ಮರುದಿನ ಸಂಜೆ ಸಿಸ್ಟರ್, ನಾನು, ಪಿ.ಟಿ. ಮಾಸ್ತರು, ಚರ್ಚಿನ ಫಾದರ್ ಕೂತು ಮಾತಾಡಿದೆವು. ಮೊದಲು ಬಂದ ಸಲಹೆ, ಐದು ರೂಪಾಯಿಗಿಂತ ಜಾಸ್ತಿ ತಗೋಬಾರದು ಅಂತ ನಿಯಮ ಮಾಡೋಣ ಅಂತ. ಸುಲಭದ ಉತ್ತರ. ನನಗೆ ಒಪ್ಪಿಗೆಯಾಗಲಿಲ್ಲ. ಐದಾದರೂ ಸೊನ್ನೆ ಸೊನ್ನೆಯೇ.

ಡಬ್ಬಿಯ ಮೂಲ ಹೇಳಿದ್ದು ಫಾದರ್. ಅಮೆರಿಕದ ಪೆನ್ಸಿಲ್ವೇನಿಯಾದ ಅಲೆನ್‌ಟೌನಿನಲ್ಲಿ 1975ರಲ್ಲಿ ‘ರೈಸ್ ಬೌಲ್’ ಅಂತ ಶುರುವಾಯಿತು. ಆಫ್ರಿಕಾದ ಸಾಹೆಲ್ ಪ್ರದೇಶದಲ್ಲಿ ಬರ ಬಿದ್ದಿತ್ತು. ತಪಸ್ಸುಕಾಲದಲ್ಲಿ ವಾರಕ್ಕೊಂದು ದಿನ ಮನೆಯವರೆಲ್ಲ ಸಾದಾ ಊಟ ಮಾಡಿ, ಉಳಿದ ದುಡ್ಡನ್ನು ಊಟದ ಮೇಜಿನ ಮೇಲಿನ ರಟ್ಟಿನ ಬಟ್ಟಲಿಗೆ ಹಾಕೋದು. ಎರಡೇ ವರ್ಷಕ್ಕೆ ಆ ದೇಶದ ಬಿಷಪ್‌ಗಳು ಅದನ್ನು ದೇಶಕ್ಕೆಲ್ಲ ತಂದರು. ಅಂದರೆ ಬಟ್ಟಲು ಇದ್ದದ್ದು ಮನೆಯೊಳಗೆ. ಅದಕ್ಕೆ ಬೀಳ್ತಿದ್ದದ್ದು ತಾವು ತಿನ್ನದೆ ಬಿಟ್ಟಿದ್ದು. ನಾವು ಅದನ್ನು ಮನೆಯಿಂದ ಕ್ಲಾಸಿಗೆ ತಂದೆವು, ಕ್ಲಾಸಿಂದ ಬೋರ್ಡಿಗೆ ಏರಿಸಿದೆವು. ದಾರಿಯಲ್ಲಿ ಉಪವಾಸ ಉದುರಿಹೋಯ್ತು, ದುಡ್ಡು ಮಾತ್ರ ಉಳೀತು.

ನನಗೆ ಸರಿಯಾಗಿ ತಟ್ಟಿದ್ದು ಇದು. ತಪಸ್ಸುಕಾಲದಲ್ಲಿ ಪ್ರಾರ್ಥನೆ, ಉಪವಾಸ, ದಾನ ಮೂರೂ ಒಂದಕ್ಕೊಂದು ಅಂಟಿಕೊಂಡಿರಬೇಕಂತೆ. ನೀನು ಬಿಟ್ಟ ತುತ್ತು ಇನ್ನೊಬ್ಬನ ತುತ್ತಾಗಲಿ ಅನ್ನೋ ಅರ್ಥದ ಮಾತು ಐದನೇ ಶತಮಾನದ ಪೋಪ್ ಮಹಾ ಲಿಯೋ ಅವರ ಉಪದೇಶಗಳಲ್ಲೇ ಇದೆ ಅಂತ ಫಾದರ್ ಹೇಳಿದರು. ನಮ್ಮ ಶಾಲೆಯಲ್ಲಿ ಆಗ್ತಿದ್ದದ್ದು ಬೇರೆ. ಅಪ್ಪನ ಅಂಗಡಿ ಇರೋ ಮಗು ನೂರು ಕೇಳಿ ತರುತ್ತೆ, ಏನೂ ಬಿಡೋದಿಲ್ಲ. ಬಿಡೋಕೆ ಏನೂ ಇಲ್ಲದ ಮಗು ಬೇಳೆ ಡಬ್ಬಕ್ಕೆ ಕೈ ಹಾಕುತ್ತೆ.

ಇನ್ನು ಮಕ್ಕಳ ಮೇಲೆ ಉಪವಾಸದ ನಿಯಮವೂ ಇಲ್ಲ. ಧರ್ಮಸಭೆಯ ಕಾನೂನಿನಲ್ಲಿ ಉಪವಾಸ 18 ತುಂಬಿದವರಿಂದ 59ರವರೆಗೆ, ಅದೂ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಎರಡೇ ದಿನ. ಮಾಂಸ ಬಿಡೋದು 14 ತುಂಬಿದ ಮೇಲೆ. ಮೊಟ್ಟೆ ಆ ಲೆಕ್ಕಕ್ಕೇ ಬರಲ್ಲ. ಬಿಸಿಯೂಟದ ಮೊಟ್ಟೆ ಬೇಡ ಅಂದ ಹುಡುಗಿಗೆ ಸಿಸ್ಟರ್ ಬೈದು ತಿನ್ನಿಸಿದ್ದು ನೋಡಿದ್ದೇನೆ. ಹಳೇ ಕಾಲದಲ್ಲಿ ಮೊಟ್ಟೆಯೂ ನಿಷಿದ್ಧವಾಗಿತ್ತಂತೆ. ಹಬ್ಬದ ದಿನ ಮೊಟ್ಟೆಗೆ ಅಷ್ಟು ಸಂಭ್ರಮ ಯಾಕೆ ಅಂದರೆ ಅದಕ್ಕೇ.

ಎಲ್ಲರೂ ಏಳೋ ಹೊತ್ತಿಗೆ ಸಿಸ್ಟರ್ ಬೈಬಲ್ ತೆಗೆದರು. ನಾಟಕ ಮಾಡಿಸಿದ್ದು ಅವರೇ. ವಿಧವೆಯ ಕತೆ ಮಾರ್ಕನ ಹನ್ನೆರಡನೇ ಅಧ್ಯಾಯದಲ್ಲಿ 41ನೇ ವಚನದಿಂದ ಶುರು. ಅದರ ಹಿಂದಿನ ವಚನಕ್ಕೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ವಿಧವೆಯರ ಮನೆಗಳನ್ನು ನುಂಗಿ, ತೋರಿಕೆಗೆ ಉದ್ದುದ್ದ ಪ್ರಾರ್ಥನೆ ಮಾಡುವವರ ಬಗ್ಗೆ ಅಲ್ಲಿದೆ. ‘ನಾನು ಯಾವಾಗಲೂ ಕೆಳಗಿನಿಂದ ಓದ್ತಿದ್ದೆ’ ಅಂದರು. ಯಾರೂ ಮಾತಾಡಲಿಲ್ಲ. ಪಿ.ಟಿ. ಮಾಸ್ತರು ಎದ್ದು ಹೊರಗೆ ಹೋಗಿ ಬೋರ್ಡು ಒರೆಸಿದರು. ಒಣ ಬಟ್ಟೆಗೆ ಹಳದಿ ನಕ್ಷತ್ರ ಪೂರ್ತಿ ಹೋಗಲಿಲ್ಲ.

ಬದಲಿಸಿದ್ದು

ನೋಟ್‌ಬುಕ್ ಹೋಯ್ತು, ಶೀಲ್ಡ್ ಹೋಯ್ತು. ಕ್ಲಾಸಿನ ಡಬ್ಬಿಗಳ ಬದಲು ಲೈಬ್ರರಿ ಮೂಲೆಯಲ್ಲಿ ಒಂದೇ ಡಬ್ಬಿ. ಯಾರು ಹಾಕ್ತಾರೆ, ಹಾಕಲ್ಲ ಯಾರಿಗೂ ಕಾಣಲ್ಲ. ಅದರ ಪಕ್ಕ ಒಂದು ಎಣ್ಣೆ ಟಿನ್ನು, ತೊಳೆದು ಒಣಗಿಸಿದ್ದು. ಅದಕ್ಕೆ ಅಕ್ಕಿ. ಇಷ್ಟ ಇದ್ದವರು ಮನೆಯಲ್ಲಿ ಹೇಳಿ ಒಂದು ಹಿಡಿ ತರಬಹುದು. ಒಂದೇ ಹಿಡಿ.

ಈ ಹಿಡಿ ಅಕ್ಕಿ ನನ್ನ ಸಲಹೆ. ನಮ್ಮಜ್ಜಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ವಾಪಸ್ ತೆಗೆದು ಬೇರೆ ಮಡಕೆಗೆ ಹಾಕೋರು, ಮಠಕ್ಕೆ ಅಂತ. ಫಾದರ್ ಇದನ್ನು ಕೇಳಿ, ಮಿಜೋರಾಂನ ಪ್ರೆಸ್ಬಿಟೇರಿಯನ್ ಕ್ರೈಸ್ತರ ಮನೆಗಳಲ್ಲಿ ನೂರು ವರ್ಷಕ್ಕೂ ಮೇಲಿಂದ ಪ್ರತಿ ಹೊತ್ತು ಅಡುಗೆಗೆ ಮುಂಚೆ ಹೀಗೇ ಒಂದು ಹಿಡಿ ಚರ್ಚಿಗೆ ಎತ್ತಿಡ್ತಾರೆ ಅಂದರು. ನನಗಿದ್ದ ಲೆಕ್ಕ ಬೇರೆ. ಕೈಯಲ್ಲಿ ಕಾಸಿಲ್ಲದ ಮನೆಯಲ್ಲೂ ರೇಷನ್ ಅಕ್ಕಿ ಇರುತ್ತೆ. ಆಗ ತಲೆಗೆ ಐದು ಕೆಜಿ ಅಕ್ಕಿ, ಉಳಿದ ಐದು ಕೆಜಿಗೆ 170 ರೂಪಾಯಿ ಖಾತೆಗೆ ಬರ್ತಿತ್ತು. ಒಂದು ಹಿಡಿ ಕಡಿಮೆಯಾದರೆ ಸಂಘದ ಮೀಟಿಂಗಿನಲ್ಲಿ ಯಾರೂ ಕೇಳಲ್ಲ.

ಮಾರ್ಚ್ 8, ಶುಕ್ರವಾರ ಶಿವರಾತ್ರಿ. ರಜೆ. ಸೋಮವಾರ ಬಂದ ಅರ್ಧ ಮಕ್ಕಳು ಉಪವಾಸ, ಜಾಗರಣೆ ಕತೆ ಹೇಳ್ತಿದ್ದರು. ಮಂಗಳವಾರದಿಂದ ರಂಜಾನ್. ಒಂದೇ ವಾರದೊಳಗೆ ಶಾಲೆಯಲ್ಲಿ ಮೂರು ಥರದ ಉಪವಾಸ. ಬಿಸಿಯೂಟದ ಹೊತ್ತಲ್ಲಿ ಮುಸ್ಲಿಂ ಹುಡುಗರು ಲೈಬ್ರರಿಯಲ್ಲಿ ಕೂರ್ತಿದ್ದರು. ಒಂಬತ್ತನೇ ಕ್ಲಾಸಿನವನೊಬ್ಬ ಕೇಳಿದ, ‘ಮಿಸ್, ಬೋರ್ಡ್ ಯಾಕೆ ಒರೆಸಿದ್ರಿ? ನಮ್ಮ ಕ್ಲಾಸು ಸೆಕೆಂಡ್ ಇತ್ತು.’ ಬಲಗೈ ಎಡಗೈ ಮಾತು ಹೇಳಿದೆ. ಅವನಿಗೆ ಆಶ್ಚರ್ಯ. ‘ಇದು ನಮ್ಮ ಹದೀಸಲ್ಲಿರೋದು ಮಿಸ್, ಉಸ್ತಾದ್ ಹೇಳಿಕೊಟ್ಟಿದಾರೆ. ನಿಮಗೆ ಯಾರು ಹೇಳಿದ್ರು?’ ಚರ್ಚಲ್ಲಿ ಕೇಳಿದ್ದು ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಕಿಟ್ ಕೊಡೋ ರೀತಿಯನ್ನೂ ಬದಲಿಸಿದೆವು. ಮೊದಲು ಅಸೆಂಬ್ಲಿಯಲ್ಲಿ ಹೆಸರು ಕರೆದು, ಫೋಟೋ ತೆಗೆದು ಕೊಡ್ತಿದ್ದೆವು. ಈಗ ಚರ್ಚಿನ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಸಂಜೆ ಹೊತ್ತು ಮನೆಗೇ ಒಯ್ತಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತರ ಹರೆಯದ ಫ್ರೆಡರಿಕ್ ಒಜಾನಾಮ್ ಗೆಳೆಯರ ಜೊತೆ ಕಟ್ಟಿದ ಸಭೆ ಅದು. ಬಡವರ ಮನೆಗೆ ತಾವೇ ಹೋಗೋದು ಅವರ ಮೊದಲಿನಿಂದಲೂ ಇರೋ ಪದ್ಧತಿ. ಪದ್ಧತಿ ಚರ್ಚಿನಲ್ಲೇ ಇತ್ತು. ನಮಗೆ ಫೋಟೋ ಬೇಕಾಗಿತ್ತು.

ಸರಿಹೋಗದ್ದು

ದುಡ್ಡು ಇಳಿಯಿತು. ಮೊದಲ ಮೂರು ವಾರದಲ್ಲಿ ಬಂದದ್ದರ ಮೂರನೇ ಒಂದು ಭಾಗವೂ ಆಮೇಲೆ ಬರಲಿಲ್ಲ. ಪರೀಕ್ಷೆಯೂ ಕಾರಣ. ಎಂಟು, ಒಂಬತ್ತರ ಬೋರ್ಡ್ ಪರೀಕ್ಷೆ ಮಾರ್ಚ್ 11ಕ್ಕೆ ಶುರುವಾಗಿ, ಸುಪ್ರೀಂ ಕೋರ್ಟಿನಲ್ಲಿ ನಿಂತು, ಮತ್ತೆ 25ರಿಂದ ನಡೀತು. ಎಸ್ಸೆಸ್ಸೆಲ್ಸಿಯೂ ಅದೇ 25ಕ್ಕೆ. ಶುಭ ಶುಕ್ರವಾರ 29, ಪಾಸ್ಖ 31. ಪವಿತ್ರ ವಾರ ಪೂರ್ತಿ ಹಾಲ್ ಟಿಕೆಟ್ಟು, ಇನ್ವಿಜಿಲೇಷನ್ನಿನಲ್ಲೇ ಕಳೀತು. ಆದರೆ ಸುಮ್ನೆ ಪರೀಕ್ಷೆ ಮೇಲೆ ಹಾಕೋದು ಸರಿಯಲ್ಲ. ಪೈಪೋಟಿ ಇದ್ದಾಗ ಬಂದಷ್ಟು ಪೈಪೋಟಿ ಇಲ್ಲದಾಗ ಬರೋದಿಲ್ಲ. ವೃದ್ಧಾಶ್ರಮದ ಸಿಸ್ಟರ್ ‘ಈ ಸಲ ಕಡಿಮೆ ಅಲ್ವಾ’ ಅಂದರು. ಅವರಿಗೆ ಡಯಾಪರ್ ದುಡ್ಡು ಹೊಂದಿಸಬೇಕು, ನಮ್ಮ ಬೋರ್ಡಿನ ಕತೆ ಅವರಿಗೆ ಯಾಕೆ? ಶೀಲ್ಡ್ ಇಟ್ಟಿದ್ದೇ ಸರಿಯಿತ್ತು ಅನ್ನೋ ಟೀಚರ್‌ಗಳು ಇನ್ನೂ ಇದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕೋಕೆ ನನಗೆ ಧೈರ್ಯ ಇಲ್ಲ.

ಅಕ್ಕಿಯದ್ದು ಇನ್ನೊಂದು ಕತೆ. ಟಿನ್ನು ತುಂಬಿತು. ನೋಡಿದರೆ ರೇಷನ್ ಅಕ್ಕಿ, ಸೋನಾ ಮಸೂರಿ, ಕುಚಲಕ್ಕಿ, ಯಾರದೋ ಮನೆಯ ಬಾಸ್ಮತಿ ನುಚ್ಚು ಎಲ್ಲ ಕಲೆತಿದೆ. ಅಡುಗೆ ಅಕ್ಕ ಒಂದು ಹಿಡಿ ಅಂಗೈ ಮೇಲೆ ಹರಡಿ ನನ್ನ ಮುಂದೆ ಹಿಡಿದರು. ಬಿಳಿ, ಕೆನೆ, ಕೆಂಪು, ಉದ್ದ, ಮೋಟು. ‘ಮಿಸ್, ಒಂದು ಬೇಯೋ ಹೊತ್ತಿಗೆ ಇನ್ನೊಂದು ಗಂಜಿ ಆಗಿರುತ್ತೆ. ಇದನ್ನ ಅನ್ನ ಮಾಡಕ್ಕಾಗಲ್ಲ’ ಅಂದರು. ಮಿಲ್ಲಿಗೆ ಹಾಕಿಸಿದೆವು. ಹಿಟ್ಟು ವೃದ್ಧಾಶ್ರಮಕ್ಕೆ ಹೋಯ್ತು. ಹಲ್ಲಿಲ್ಲದ ಅಜ್ಜಂದಿರಿಗೆ ತೆಳು ರೊಟ್ಟಿ, ಮೇಲೆ ಸಾರು.

2025ರಲ್ಲಿ ಪಾಸ್ಖ ಏಪ್ರಿಲ್ 20ಕ್ಕೆ ಬಿತ್ತು. 11ರಿಂದಲೇ ಬೇಸಿಗೆ ರಜೆ. ಹಬ್ಬದ ದಿನ ಶಾಲೆಯಲ್ಲಿ ಯಾರೂ ಇರಲ್ಲ ಅಂತ ಎಲ್ಲವನ್ನೂ ರಜೆಗೆ ಮುಂಚೆಯೇ ಮುಗಿಸಬೇಕಾಯ್ತು. ಆ ಹುಡುಗ ಅಷ್ಟೊತ್ತಿಗೆ ಒಂಬತ್ತನೇ ಕ್ಲಾಸು ಮುಗಿಸಿದ್ದ. ಹಿಂದಿನ ವರ್ಷದ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸು ಅಂತ ಹೇಳಬೇಕು ಅಂದುಕೊಂಡು ಎರಡು ಸಲ ಕರೆದೆ, ಎರಡು ಸಲವೂ ಬೇರೆ ಏನೋ ಕೆಲಸ ಹೇಳಿ ಕಳಿಸಿದೆ. ಪಟ್ಟಿಯಲ್ಲಿ ಅವನ ಮನೆ ಹೆಸರು ಆ ವರ್ಷವೂ ಇತ್ತು. ಅವನು ಅಕ್ಕಿ ತರ್ತಿದ್ದನೋ ಇಲ್ವೋ ನನಗೆ ತಿಳಿಯದು. ನೋಡೋ ಹಾಗೂ ಇಲ್ಲ, ನಿಯಮ ಮಾಡಿದ್ದೇ ನಾವು.

ಲೆಕ್ಕದ ಪುಸ್ತಕ ಈಗಲೂ ನನ್ನ ಹತ್ತಿರವೇ ಇದೆ. ಹೆಸರಿನ ಕಾಲಂ ಇಲ್ಲ. ಆ ವರ್ಷದ ಕೊನೆಯ ಸಾಲು ಹೀಗಿದೆ: ‘9.4.2025. ಅಕ್ಕಿ ಎರಡು ಟಿನ್ನು. ಹುಳ ಹಿಡಿದಿದೆ. ಬಿಸಿಲಿಗೆ ಹಾಕಿ ಮಿಲ್ಲಿಗೆ ಕಳಿಸಬೇಕು.’